ಕಬ್ಬಿನ ಬಿಲ್ಲಿನಲ್ಲಿ ದಿಲ್ಲಿಯ ಕೈ ಎಷ್ಟು, ಬೆಂಗಳೂರಿನ ಕೈ ಎಷ್ಟು?

2025ರ ನವೆಂಬರ್ ಮೊದಲ ವಾರ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ರಸ್ತೆಯ ಮೇಲೇ ಇದ್ದರು. ಟನ್ನಿಗೆ 3,500 ರೂಪಾಯಿ ಕೊಡಿ, ಕಟಾವು ಮತ್ತು ಸಾಗಣೆ ಖರ್ಚು ಬಿಟ್ಟು ಕೊಡಿ ಎಂಬುದು ಬೇಡಿಕೆ. ಹೋರಾಟ ಬೆಳಗಾವಿ ಜಿಲ್ಲೆಯ ಉಳಿದ ತಾಲ್ಲೂಕುಗಳಿಗೆ ಹಬ್ಬಿತು, ಬಾಗಲಕೋಟೆ, ವಿಜಯಪುರಕ್ಕೂ ತಲುಪಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿ ಅದಕ್ಕೆ ತಿರುಗಿ ಉತ್ತರ ಕೊಟ್ಟರು. ದರ ನಿಗದಿ ಮಾಡುವುದು ಕೇಂದ್ರ ಎಂದಿತು ರಾಜ್ಯ, ರಾಜ್ಯ ತನ್ನ ಹೊಣೆ ಜಾರಿಸಿಕೊಳ್ಳುತ್ತಿದೆ ಎಂದಿತು ಕೇಂದ್ರ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಸಭೆ ಸೇರಿ, ಶೇ 11.25 ಸಕ್ಕರೆ ಇಳುವರಿಯ (ನೂರು ಕಿಲೋ ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣ) ಕಬ್ಬಿಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿ ಸರ್ಕಾರದ ಬೊಕ್ಕಸದಿಂದ, ಉಳಿದದ್ದು ಕಾರ್ಖಾನೆಯಿಂದ. ಮುಧೋಳ ಭಾಗದ ರೈತರು ಇದನ್ನೂ ಒಪ್ಪದೆ ಹೋರಾಟ ಮುಂದುವರಿಸಿದರು. ಕಬ್ಬು ತುಂಬಿದ ಟ್ರೇಲರ್‌ಗಳಿಗೆ ಬೆಂಕಿ ಬಿದ್ದದ್ದನ್ನೂ ನಾವು ನೋಡಿದೆವು.

ಆ ವಾರ ಪೂರ್ತಿ ಟಿ.ವಿ.ಯಲ್ಲಿ ನಡೆದದ್ದು ಯಾರು ತಪ್ಪಿತಸ್ಥರು ಎಂಬ ಜಗಳ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ನಮ್ಮ ಒಕ್ಕೂಟ ವ್ಯವಸ್ಥೆಯಲ್ಲಿ ಕಬ್ಬಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಒಬ್ಬರ ಬಳಿ ಇದೆ, ತೆರಿಗೆ ದುಡ್ಡು ಇನ್ನೊಂದು ದಾರಿಯಲ್ಲಿ ಹರಿಯುತ್ತದೆ, ರೈತ ಬೀದಿಗಿಳಿದಾಗ ಎದುರು ನಿಲ್ಲುವವರು ಮತ್ತೊಬ್ಬರು. ಈ ಮೂರೂ ಒಂದೆಡೆ ಇಲ್ಲದಿರುವುದೇ ನಮ್ಮ ಕಷ್ಟದ ಬೇರು. ಯಾವ ಬಾಗಿಲು ಬಡಿಯಬೇಕು ಎಂಬುದು ರೈತನಿಗೆ ಸ್ಪಷ್ಟವಾಗದವರೆಗೆ ಎರಡೂ ಸರ್ಕಾರಗಳಿಗೆ ತಪ್ಪಿಸಿಕೊಳ್ಳಲು ದಾರಿ ಇದ್ದೇ ಇರುತ್ತದೆ.

ಮೊದಲು ಬಿಲ್ಲನ್ನೇ ನೋಡೋಣ. ನಮ್ಮ ಕಡೆ ಕಬ್ಬು ಬೆಳೆಯುವ ಕಾಕಾ ಒಬ್ಬರು ಆ ದಿನಗಳಲ್ಲಿ ಕೇಳಿದ್ದರು: “ತಮ್ಮಾ, ಪೇಪರ್‌ನ್ಯಾಗ ದಿಲ್ಲ್ಯಾವ್ರು 3,550 ಅಂತ ಹಾಕ್ಯಾರ. ಫ್ಯಾಕ್ಟರಿಯಾವ್ರು ಮೂರು ಸಾವಿರ ಅಂತಾರ. ನಾವು ರಸ್ತೆದಾಗ ಕುಂತು 3,500 ಕೇಳಾಕತ್ತೀವಿ. ಸರ್ಕಾರ ಹೇಳಿದ್ದಕ್ಕಿಂತ ಕಮ್ಮಿ ಕೇಳಾಕ ನಾವ್ಯಾಕ ಜಗಳ ಮಾಡ್ಬೇಕು?” ಕಾಕಾನ ಪ್ರಶ್ನೆ ನ್ಯಾಯವಾದದ್ದು. ಉತ್ತರ ಲೆಕ್ಕದಲ್ಲಿದೆ.

ಕೇಂದ್ರ ಸರ್ಕಾರ ಪ್ರತಿವರ್ಷ ಕಬ್ಬಿಗೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ನಿಗದಿ ಮಾಡುತ್ತದೆ. ಎಲ್ಲರ ಬಾಯಲ್ಲಿ ಅದು ಎಫ್‌ಆರ್‌ಪಿ. 2025-26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಆದರೆ ಈ ದರ ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಅದಕ್ಕಿಂತ ಹೆಚ್ಚಿದ್ದರೆ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತದೆ, ಕಡಿಮೆಯಿದ್ದರೆ ಅಷ್ಟೇ ಕಡಿತ. ಶೇ 9.5ಕ್ಕಿಂತ ಕೆಳಗಿಳಿದರೆ ಮಾತ್ರ ಮತ್ತೆ ಕಡಿತವಿಲ್ಲ. ಶೇ 11.25 ಇಳುವರಿ ಬಂತು ಎಂದಿಟ್ಟುಕೊಳ್ಳಿ, ಟನ್ನಿಗೆ 346 ರೂಪಾಯಿ ಸೇರಿ 3,896 ಆಗುತ್ತದೆ. ಇಷ್ಟೂ ಕಬ್ಬು ಕಾರ್ಖಾನೆಯ ಗೇಟಿಗೆ ತಲುಪಿದ ಮೇಲಿನ ದರ. ಕಡಿಯುವ ಟೋಳಿಯ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಇದರೊಳಗೇ ಬಂತು. ಆ ಬಾಬ್ತಿಗೆ ಟನ್ನಿಗೆ 800ರಿಂದ 900 ರೂಪಾಯಿ ಮುರಿದುಕೊಂಡರೆ ರೈತನ ಕೈಗೆ ಉಳಿಯುವುದು ಮೂರು ಸಾವಿರದ ಆಸುಪಾಸು. ದಿಲ್ಲಿ ಸಾರಿದ ಅಂಕಿಯೂ ಸುಳ್ಳಲ್ಲ, ಕಾಕಾನ ಕೈಗೆ ಬಂದ ಅಂಕಿಯೂ ಸುಳ್ಳಲ್ಲ. ಕಟಾವು, ಸಾಗಣೆಯ ಖರ್ಚನ್ನು ಯಾರು ಲೆಕ್ಕ ಹಾಕುತ್ತಾರೆ, ಯಾರು ಪರಿಶೀಲಿಸುತ್ತಾರೆ ಎಂಬಲ್ಲಿ ಜಗಳ ಹುಟ್ಟುತ್ತದೆ. ಅದರ ಮೇಲೆ ಟೋಳಿಯವರಿಗೆ ಕೈಮೇಲೆ ಕೊಡುವ ರೊಕ್ಕ ಬೇರೆ, ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಈಗ ಅಧಿಕಾರದ ಮಾತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಮೊದಲನೆಯದು ಕೇಂದ್ರದ್ದು, ಎರಡನೆಯದು ರಾಜ್ಯದ್ದು, ಮೂರನೆಯದು ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಸಮವರ್ತಿ ವಿಷಯದಲ್ಲಿ ಎರಡು ಕಾನೂನುಗಳು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಕೃಷಿ ರಾಜ್ಯ ಪಟ್ಟಿಯ 14ನೇ ಬಾಬು. ಹಾಗಾದರೆ ಕಬ್ಬು ರಾಜ್ಯದ್ದೇ ಅಲ್ಲವೇ? ಹೊಲದಲ್ಲಿ ನಿಂತಿರುವವರೆಗೆ ಹೌದು. ಆದರೆ ಸಾರ್ವಜನಿಕ ಹಿತಕ್ಕಾಗಿ ಕೇಂದ್ರದ ಹತೋಟಿ ಬೇಕು ಎಂದು ಸಂಸತ್ತು ಘೋಷಿಸಿದ ಉದ್ದಿಮೆಗಳು ಕೇಂದ್ರ ಪಟ್ಟಿಯ 52ನೇ ಬಾಬಿಗೆ ಹೋಗುತ್ತವೆ. ಸಕ್ಕರೆ ಉದ್ದಿಮೆ 1951ರ ಕಾಯ್ದೆಯ ಮೂಲಕವೇ ಆ ಸಾಲಿಗೆ ಸೇರಿತು. ಅಂಥ ಉದ್ದಿಮೆಗಳ ಉತ್ಪನ್ನ, ಆಹಾರ ಪದಾರ್ಥಗಳ ವ್ಯಾಪಾರ, ಪೂರೈಕೆ ಸಮವರ್ತಿ ಪಟ್ಟಿಯ 33ನೇ ಬಾಬು. ಇದರ ಬಲದ ಮೇಲೆಯೇ 1955ರ ಅಗತ್ಯ ವಸ್ತುಗಳ ಕಾಯ್ದೆ ಬಂತು, ಅದರ ಕೆಳಗೆ 1966ರ ಕಬ್ಬು ನಿಯಂತ್ರಣ ಆದೇಶ ಬಂತು. ಎಫ್‌ಆರ್‌ಪಿಯ ಬೇರು ಇರುವುದು ಅಲ್ಲಿ.

ಬೀಜ, ನೀರು, ಗೊಬ್ಬರದ ಅಂಗಡಿಯ ಮೇಲಿನ ನಿಗಾ, ಕೃಷಿ ಅಧಿಕಾರಿ ಇವೆಲ್ಲ ಬೆಂಗಳೂರಿನ ಕಡೆ. ಕಬ್ಬಿನ ಕನಿಷ್ಠ ದರ, ಸಕ್ಕರೆಯ ಕನಿಷ್ಠ ಮಾರಾಟ ದರ, ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕು ಎಂಬ ಕೋಟಾ, ಎಷ್ಟು ರಫ್ತು, ಎಥೆನಾಲ್‌ಗೆ ಎಷ್ಟು ಬೆಲೆ ಇವೆಲ್ಲ ದಿಲ್ಲಿಯ ಕಡೆ.

ಈ ಎರಡನೇ ಸಾಲನ್ನು ಸ್ವಲ್ಪ ನಿಂತು ನೋಡಬೇಕು. 2018-19ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 275 ರೂಪಾಯಿ ಇತ್ತು, ಆಗ ಇಳುವರಿಯ ಆಧಾರ ಶೇ 10. 2025-26ಕ್ಕೆ ಅದು 355 ಆಯಿತು. 2018-19ರ ಹಂಗಾಮಿನ ನಡುವೆಯೇ, 2019ರ ಫೆಬ್ರವರಿಯಲ್ಲಿ, ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ ಕಿಲೋಗೆ 29ರಿಂದ 31 ರೂಪಾಯಿಗೆ ಏರಿಸಿತು. ಗುರ್ಲಾಪುರದಲ್ಲಿ ಜನ ಕೂತ ದಿನವೂ ಅದು 31ರಲ್ಲೇ ಇತ್ತು. ಕಚ್ಚಾವಸ್ತುವಿನ ದರವನ್ನು ವರ್ಷ ವರ್ಷ ಏರಿಸಿ, ಮಾಲಿನ ತಳದ ದರವನ್ನು ಆರೂವರೆ ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿಟ್ಟರೆ ಕಾರ್ಖಾನೆಯವರಿಗೆ “ನಮಗೆಲ್ಲಿಂದ ಬರಬೇಕು” ಎನ್ನಲು ಸಿದ್ಧ ಉತ್ತರ ಸಿಗುತ್ತದೆ. ಪೇಟೆಯಲ್ಲಿ ಸಕ್ಕರೆ 31ಕ್ಕೆ ಸಿಗುವುದಿಲ್ಲ, ಕಾರ್ಖಾನೆಯವರು ಅದಕ್ಕಿಂತ ಹೆಚ್ಚಿಗೇ ಮಾರುತ್ತಾರೆ, ಆದ್ದರಿಂದ ಅವರ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಬ್ಯಾಂಕುಗಳು ಸಾಲ ಕೊಡುವಾಗ, ಪೇಟೆ ಕುಸಿದಾಗ, ಆ ತಳದ ದರಕ್ಕೆ ಬೆಲೆಯಿದೆ. ಅದನ್ನು ಏರಿಸುವ ಅಧಿಕಾರ ಬೆಂಗಳೂರಿಗೆ ಇಲ್ಲ.

ಎಥೆನಾಲ್ ಕಥೆಯೂ ಅಂಥದ್ದೇ. ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವ ಕೇಂದ್ರದ ನೀತಿಯನ್ನು ನಂಬಿ ನಮ್ಮ ಮೂರೂ ಜಿಲ್ಲೆಗಳ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟಿದವು, ಸಾಲ ತಂದವು. 2023ರ ಡಿಸೆಂಬರ್ 7ರಂದು, ಹಂಗಾಮು ನಡೆದಿರುವಾಗಲೇ, ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಎಂದು ಆದೇಶ ಬಂತು. ಆ ವರ್ಷ ಮಳೆ ಕೈಕೊಟ್ಟಿತ್ತು, ಸಕ್ಕರೆ ಬೆಲೆ ಏರೀತೆಂಬ ಭಯ ದಿಲ್ಲಿಗಿತ್ತು. ಕೆಲವೇ ದಿನಗಳಲ್ಲಿ ಆದೇಶ ಸಡಿಲವಾಯಿತು, 17 ಲಕ್ಷ ಟನ್ ಸಕ್ಕರೆಯ ಮಿತಿ ಬಂತು, 2024ರ ಆಗಸ್ಟ್ ಕೊನೆಗೆ ಮುಂದಿನ ಹಂಗಾಮಿಗೆ ನಿರ್ಬಂಧವೇ ಹೋಯಿತು. ದೇಶದ ಎಲ್ಲ ಮನೆಗಳ ಚಹಾಕ್ಕೆ ಸಕ್ಕರೆ ಸಿಗಬೇಕೆಂದು ನೋಡುವುದು ಕೇಂದ್ರದ ಕರ್ತವ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ರಾಹಕನನ್ನು ಕಾಯುವ ಖರ್ಚು ಗೋಕಾಕ, ಜಮಖಂಡಿಯ ಬೆಳೆಗಾರನ ಬಿಲ್ಲಿನ ಮೇಲೆ ಬಿದ್ದಾಗ ಆ ತೀರ್ಮಾನದ ಕೋಣೆಯಲ್ಲಿ ಅವನ ಪರ ಮಾತಾಡುವ ರಾಜ್ಯಕ್ಕೆ ಒಂದು ಕುರ್ಚಿಯೂ ಇರಲಿಲ್ಲ.

ಹಾಗೆಂದು ರಾಜ್ಯದ ಕೈ ಪೂರ್ತಿ ಕಟ್ಟಿಲ್ಲ. ಇದನ್ನು ನಮ್ಮ ಕಡೆಯ ರಾಜಕಾರಣಿಗಳು ಹೇಳುವುದೇ ಇಲ್ಲ. ಉತ್ತರ ಪ್ರದೇಶ, ಪಂಜಾಬ್, ಹರಿಯಾಣ ತಮ್ಮದೇ ಸಲಹಾ ದರ ಘೋಷಿಸುತ್ತವೆ, ಅದು ಎಫ್‌ಆರ್‌ಪಿಗಿಂತ ಹೆಚ್ಚಿರುತ್ತದೆ. ಉತ್ತರ ಪ್ರದೇಶದ ಕಾರ್ಖಾನೆಗಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 2020ರ ಏಪ್ರಿಲ್ 22ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಕೇಂದ್ರ ನಿಗದಿ ಮಾಡುವುದು ಕನಿಷ್ಠ ದರ, ಅದಕ್ಕಿಂತ ಹೆಚ್ಚಿನ ದರವನ್ನು ರಾಜ್ಯ ಹೇಳಿದರೆ ಎರಡು ಕಾನೂನುಗಳ ನಡುವೆ ಘರ್ಷಣೆ ಇಲ್ಲ. ಅಂದರೆ ಕೇಂದ್ರದ ದರ ತಳ, ಅದರ ಮೇಲೆ ಕಟ್ಟುವ ಸ್ವಾತಂತ್ರ್ಯ ರಾಜ್ಯಕ್ಕಿದೆ.

ಕರ್ನಾಟಕ ಆ ದಾರಿ ಹಿಡಿಯಲು ನೋಡಿದ್ದುಂಟು. 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆ ಬಂತು, ಕಬ್ಬು ನಿಯಂತ್ರಣ ಮಂಡಳಿ ಆಯಿತು, ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ರೈತನಿಗೆ ಪಾಲು ಎಂಬ ತತ್ವ ಕಾನೂನಿಗೆ ಇಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ಸುವರ್ಣ ವಿಧಾನಸೌಧದ ಸಮೀಪ ಧರಣಿಯಲ್ಲಿದ್ದ ಬೆಳೆಗಾರರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. ಸರ್ಕಾರ ದರ ಘೋಷಿಸಿತು. ಸಕ್ಕರೆ ಬೆಲೆ ಬಿದ್ದ ಕಾರಣ ಹೇಳಿ ಕಾರ್ಖಾನೆಗಳು ಕೈ ಎತ್ತಿದವು, ಬಾಕಿ ಬೆಳೆಯಿತು. ಘೋಷಿಸುವ ಅಧಿಕಾರ ಬೇರೆ, ವಸೂಲು ಮಾಡಿಸುವ ಗಟ್ಟಿತನ ಬೇರೆ ಎಂದು ಆ ವರ್ಷಗಳು ತೋರಿಸಿಕೊಟ್ಟವು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕಾರ್ಖಾನೆಗಳ ಮಾಲೀಕರು, ನಿರ್ದೇಶಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ, ಶಾಸಕರಾಗಿದ್ದಾರೆ, ಮಂತ್ರಿಗಳಾಗಿದ್ದಾರೆ. ಮೇಜಿನ ಎರಡೂ ಬದಿಗೆ ಕೂರುವವರು ಅವರೇ ಆದಾಗ ದಿಲ್ಲಿಯ ಕಡೆ ಬೆರಳು ತೋರಿಸುವುದು ಸುಲಭದ ಕೆಲಸ.

ತೆರಿಗೆಗೆ ಬರೋಣ. ಸಕ್ಕರೆ ಮೇಲೆ ಶೇ 5 ಜಿಎಸ್‌ಟಿ. 2017ರ ಜುಲೈ 1ಕ್ಕಿಂತ ಮೊದಲು, ಇಲ್ಲಿಂದ ಹೊರರಾಜ್ಯಕ್ಕೆ ಮಾಲು ಹೋದರೆ ಅದರ ಮೇಲಿನ ಕೇಂದ್ರ ಮಾರಾಟ ತೆರಿಗೆ, ಕೊನೆಯ ವರ್ಷಗಳಲ್ಲಿ ಶೇ 2, ಮಾಲು ಹೊರಟ ರಾಜ್ಯದ ಬೊಕ್ಕಸಕ್ಕೇ ಬೀಳುತ್ತಿತ್ತು. ಜಿಎಸ್‌ಟಿಯ ನಿಯಮ ತಿರುವುಮುರುವು. ಸರಕು ಎಲ್ಲಿ ಬಳಕೆಯಾಗುತ್ತದೋ ರಾಜ್ಯದ ಪಾಲು ಅಲ್ಲಿಗೆ. ಬೆಳಗಾವಿ ಜಿಲ್ಲೆಯ ಸಕ್ಕರೆ ಲಾರಿ ಕೇರಳಕ್ಕೆ ಹೋದರೆ ಅರ್ಧ ತೆರಿಗೆ ಕೇಂದ್ರಕ್ಕೆ, ಅರ್ಧ ಕೇರಳಕ್ಕೆ. ನಮ್ಮ ರಸ್ತೆ ಹಾಳು ಮಾಡಿಕೊಂಡು, ನಮ್ಮ ಕೃಷ್ಣಾ, ಘಟಪ್ರಭಾದ ನೀರು ಕುಡಿದು ತಯಾರಾದ ಮಾಲಿನ ತೆರಿಗೆ ಬೇರೆಡೆಗೆ ಹೋಗುವುದು ಅನ್ಯಾಯ ಎನಿಸಬಹುದು. ಆದರೆ ನಮ್ಮ ಮನೆಗೆ ಬರುವ ಸೋಪು, ಸಿಮೆಂಟು, ಬಟ್ಟೆಯ ತೆರಿಗೆಯಲ್ಲಿ ನಮ್ಮ ರಾಜ್ಯದ ಪಾಲು ಇಲ್ಲಿಗೇ ಬರುತ್ತದೆ. ಒಟ್ಟಾರೆ ತತ್ವದಲ್ಲಿ ತಪ್ಪಿಲ್ಲ. ತಪ್ಪಿದ್ದರೆ ದರ ನಿಗದಿ ಮಾಡುವ ಕ್ರಮದಲ್ಲಿದೆ.

ಆ ಕ್ರಮ ಹೀಗಿದೆ. ಸಂವಿಧಾನದ 279ಎ ವಿಧಿಯಂತೆ ಜಿಎಸ್‌ಟಿ ಮಂಡಳಿಯಲ್ಲಿ ಮತದ ತೂಕದ ಮೂರನೇ ಒಂದು ಭಾಗ ಕೇಂದ್ರಕ್ಕೆ, ಮೂರನೇ ಎರಡು ಭಾಗ ಎಲ್ಲ ರಾಜ್ಯಗಳಿಗೆ ಸೇರಿ. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ದೇಶದ ಎಲ್ಲ ರಾಜ್ಯಗಳು ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ಮಂಡಳಿಯ ಶಿಫಾರಸು ಕಡ್ಡಾಯವಲ್ಲ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಒಂಟಿಯಾಗಿ ಬೇರೆ ದರ ಇಡುವ ಧೈರ್ಯವನ್ನು ಯಾವ ರಾಜ್ಯವೂ ಮಾಡಿಲ್ಲ. 2025ರ ಸೆಪ್ಟೆಂಬರ್ 22ರಿಂದ ದರಗಳು ಇಳಿದವು: ಟ್ರ್ಯಾಕ್ಟರ್ ಮೇಲಿನ ತೆರಿಗೆ 12ರಿಂದ 5ಕ್ಕೆ, ಅದರ ಟೈರಿನ ಮೇಲೆ 18ರಿಂದ 5ಕ್ಕೆ, ಹನಿ ನೀರಾವರಿ ಸಾಮಾನಿನ ಮೇಲೆ 12ರಿಂದ 5ಕ್ಕೆ. ರೈತನಿಗೆ ಇದು ನಿಜವಾದ ಅನುಕೂಲ. ಅದೇ ಹೊತ್ತಿಗೆ ಕಡಿಮೆಯಾದ ತೆರಿಗೆಯಲ್ಲಿ ಅರ್ಧ ರಾಜ್ಯದ್ದು, ಮತ್ತು ನಷ್ಟ ತುಂಬಿಕೊಡುವ ಪರಿಹಾರದ ಅವಧಿ 2022ರ ಜೂನ್‌ಗೇ ಮುಗಿದಿತ್ತು.

ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ದೊಡ್ಡದಾಗಿ ಉಳಿದಿರುವುದು ಮದ್ಯದ ಅಬಕಾರಿ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಆಸ್ತಿ ನೋಂದಣಿಯ ಮುದ್ರಾಂಕ ಶುಲ್ಕ, ವಾಹನ ತೆರಿಗೆ. ರಾಜ್ಯಕ್ಕೆ ಹಣ ಬೇಕಾದಾಗ ಕೈ ಹೋಗುವುದು ಇವುಗಳಿಗೇ. ಹಾಗಾಗಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗೆ ಹಾಕುವ ಒಂದು ಲೀಟರ್ ಡೀಸೆಲ್ಲನ್ನು ಬಿಡಿಸಿ ನೋಡಿದರೆ ಒಕ್ಕೂಟದ ಹಣಕಾಸು ಅದರಲ್ಲೇ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿದ್ದ ಲೆಕ್ಕ ಹೇಳುತ್ತೇನೆ. ರಾಜ್ಯದ ಮಾರಾಟ ತೆರಿಗೆ ಆ ತಿಂಗಳು ಶೇ 18.44ರಿಂದ 21.17ಕ್ಕೆ ಏರಿತು. ಕೇಂದ್ರದ ಸುಂಕವೂ ಅದೇ ತಿಂಗಳು ಎರಡು ರೂಪಾಯಿ ಏರಿ ಲೀಟರಿಗೆ 17 ರೂಪಾಯಿ 80 ಪೈಸೆ ಆಯಿತು. ಆ 17.80ರಲ್ಲಿ ಮೂಲ ಅಬಕಾರಿ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ವಿಶೇಷ ಹೆಚ್ಚುವರಿ ಸುಂಕ 10 ರೂಪಾಯಿ, ಕೃಷಿ ಮೂಲಸೌಕರ್ಯದ ಸೆಸ್ 4 ರೂಪಾಯಿ, ರಸ್ತೆ ಸೆಸ್ 2 ರೂಪಾಯಿ.

ಹೀಗೆ ಬಿಡಿಸಿದ್ದಕ್ಕೆ ಕಾರಣವಿದೆ. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ್ದು ಮೂಲ ಸುಂಕವನ್ನು ಮಾತ್ರ. ಸೆಸ್ (ಒಂದು ಗೊತ್ತಾದ ಉದ್ದೇಶಕ್ಕೆ ಎತ್ತುವ ತೆರಿಗೆ), ಸರ್ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಹಂಚಿಕೆಯ ರಾಶಿಗೆ ಸೇರುವುದಿಲ್ಲ ಎಂದು 270ನೇ ವಿಧಿಯೇ ಹೇಳುತ್ತದೆ. ಆ ರಾಶಿಯಲ್ಲಿ ರಾಜ್ಯಗಳ ಪಾಲು ಶೇ 41. ಹಾಗಾಗಿ 1.80ರಲ್ಲಿ 74 ಪೈಸೆ ಎಲ್ಲ ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಬರುವುದು ಸುಮಾರು ಮೂರು ಪೈಸೆ. ಲೀಟರಿಗೆ 17 ರೂಪಾಯಿ 80 ಪೈಸೆ ಕೊಟ್ಟ ರೈತನ ರಾಜ್ಯಕ್ಕೆ ಹಂಚಿಕೆಯಾಗಿ ಬಂದದ್ದು ಮೂರು ಪೈಸೆ! ರಸ್ತೆ ಸೆಸ್ ಹೆದ್ದಾರಿಗಳಿಗೆ ಹೋಗುತ್ತದೆ, ಕೃಷಿ ಸೆಸ್‌ಗೂ ಅದರದೇ ಯೋಜನೆಗಳಿವೆ, ಅವು ನಮಗೆ ತಲುಪುವುದೇ ಇಲ್ಲ ಎನ್ನಲಾಗದು. ಆದರೆ ಎಲ್ಲಿ, ಯಾವಾಗ, ಯಾತಕ್ಕೆ ಎಂದು ನಿರ್ಧರಿಸುವ ಅಧಿಕಾರ ರಾಜ್ಯಕ್ಕೆ ಉಳಿಯಲಿಲ್ಲ. ಒಂದು ಕಾಲಕ್ಕೆ ಕೇಂದ್ರದ ಒಟ್ಟು ತೆರಿಗೆಯಲ್ಲಿ ಸೆಸ್, ಸರ್ಚಾರ್ಜ್‌ಗಳ ಪಾಲು ನೂರಕ್ಕೆ ಹತ್ತರ ಆಸುಪಾಸಿನಲ್ಲಿತ್ತು, 2020-21ರ ಹೊತ್ತಿಗೆ ಇಪ್ಪತ್ತರ ಹತ್ತಿರ ಹೋಗಿತ್ತು. ಹಂಚಬೇಕಾದ ರೊಟ್ಟಿಯನ್ನು ಮೊದಲೇ ಮುರಿದು ತೆಗೆದಿಟ್ಟು, ಉಳಿದದ್ದರಲ್ಲಿ ನಿಮಗೆ ನೂರಕ್ಕೆ ನಲವತ್ತೊಂದು ಎಂದರೆ ಆ ನಲವತ್ತೊಂದಕ್ಕೆ ಅರ್ಥ ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ರಾಜ್ಯಗಳ ಅತ್ಯಂತ ಗಟ್ಟಿ ದೂರು ಇದೇ.

ಇನ್ನು ಹಣಕಾಸು ಆಯೋಗ. 280ನೇ ವಿಧಿಯಂತೆ ಐದು ವರ್ಷಕ್ಕೊಮ್ಮೆ ನೇಮಕವಾಗುವ ಈ ಆಯೋಗ ಹಂಚಿಕೆಯ ರಾಶಿಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹೇಳುತ್ತದೆ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ 3.647ಕ್ಕೆ ಕುಸಿಯಿತು. 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ಈ ಸಿಟ್ಟಿಗೆ. ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗ ಶೇ 41ನ್ನು ಹಾಗೇ ಉಳಿಸಿ, ದೇಶದ ಉತ್ಪನ್ನಕ್ಕೆ ರಾಜ್ಯದ ಕೊಡುಗೆ ಎಂಬ ಹೊಸ ಮಾನದಂಡಕ್ಕೆ ಶೇ 10 ತೂಕ ಕೊಟ್ಟಿತು. ಕರ್ನಾಟಕದ ಪಾಲು 4.13ಕ್ಕೆ ಏರಿತು. ಏರಿಕೆ ಒಳ್ಳೆಯದೇ, ಆದರೆ ಹತ್ತು ವರ್ಷ ಹಿಂದಿನ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಇಲ್ಲಿ ನಮ್ಮ ಭಾಗದವರು ಒಂದು ಮಾತನ್ನು ಎಚ್ಚರದಿಂದ ಆಡಬೇಕು. “ನಾವು ಕೊಟ್ಟ ತೆರಿಗೆ ನಮಗೇ ವಾಪಸ್ ಬರಲಿ” ಎಂಬ ಘೋಷಣೆ ಬೆಂಗಳೂರಿನಲ್ಲಿ ಚಂದ ಕೇಳುತ್ತದೆ. ಅದೇ ಸೂತ್ರವನ್ನು ರಾಜ್ಯದೊಳಗೆ ಹಚ್ಚಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳಕ್ಕೆ ಏನು ಉಳಿದೀತು? ರಾಜ್ಯದ ತೆರಿಗೆಯ ದೊಡ್ಡ ಪಾಲು ಹುಟ್ಟುವುದು ಬೆಂಗಳೂರಿನಲ್ಲಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ ವಿಶೇಷ ಹಣ ಕೊಡಿ ಎಂದಾಗ, ಆ ಪಟ್ಟಿಯಲ್ಲಿ ವಿಜಯಪುರ ಜಿಲ್ಲೆಯ ತಾಲ್ಲೂಕುಗಳೂ ಇದ್ದವು. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗಲೆಲ್ಲ ನಾವು ಬೆಂಗಳೂರಿಗೆ ಕೇಳುವುದು ಇದನ್ನೇ: ಹಿಂದುಳಿದಿದ್ದೇವೆ, ಹೆಚ್ಚು ಕೊಡಿ. ಬಿಹಾರ ದಿಲ್ಲಿಗೆ ಕೇಳುವುದೂ ಇದನ್ನೇ. ಬಡ ರಾಜ್ಯಕ್ಕೆ ಹೆಚ್ಚು ಸಿಗಬೇಕು ಎಂಬ ತತ್ವವನ್ನು ಅಲ್ಲಿ ಹೊಡೆದುಹಾಕಿ ಇಲ್ಲಿ ಮಾತ್ರ ಎತ್ತಿ ಹಿಡಿಯಲು ಬಾರದು. ನಮ್ಮ ಜಗಳ ಇರಬೇಕಾದ್ದು ಸೆಸ್ಸಿನ ಬೇಲಿಯ ಬಗ್ಗೆ, ಸೂತ್ರ ಆಯೋಗದಿಂದ ಆಯೋಗಕ್ಕೆ ದಿಢೀರನೆ ಬದಲಾಗುವುದರ ಬಗ್ಗೆ, ಬರ ಬಂದಾಗ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುವುದರ ಬಗ್ಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಕೇಳಿದ್ದೆಲ್ಲ ಸಿಗಬೇಕು ಎಂದೇನಿಲ್ಲ. ಆದರೆ ಹಿಂಗಾರು ಬಿತ್ತನೆಯೂ ಹಾಳಾಗಿ, ಬೇಸಿಗೆ ನಡುಮಧ್ಯಕ್ಕೆ ಬಂದ ಮೇಲೆ ಸಿಗುವ ಬರ ಪರಿಹಾರದಿಂದ ರೈತನಿಗೆ ಆಗುವ ಉಪಯೋಗ ಎಷ್ಟು?

ಕಬ್ಬಿಗೆ ನೀರು ಬೇಕು, ನೀರಿನಲ್ಲೂ ಇದೇ ಗಂಟು. ನೀರು ರಾಜ್ಯ ಪಟ್ಟಿಯ 17ನೇ ಬಾಬು, ಆದರೆ ಅಂತರರಾಜ್ಯ ನದಿಗಳ ಮೇಲೆ ಕೇಂದ್ರ ಪಟ್ಟಿಯ 56ನೇ ಬಾಬಿನ ನೆರಳಿದೆ, ವಿವಾದಗಳಿಗೆ 262ನೇ ವಿಧಿ ಮತ್ತು 1956ರ ಕಾಯ್ದೆ ಇದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ. ಕೃಷ್ಣಾ ನೀರಿನ ಹಂಚಿಕೆಯ ವಿವಾದ ಕೇಳಿದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಐತೀರ್ಪು ಕೊಟ್ಟು 524.256 ಮೀಟರ್‌ಗೆ ಏರಿಸಲು ಒಪ್ಪಿತು, 2013ರ ನವೆಂಬರ್‌ನ ಅಂತಿಮ ವರದಿಯಲ್ಲೂ ಅದು ಉಳಿಯಿತು. ಕೇಂದ್ರ ಗೆಜೆಟ್‌ನಲ್ಲಿ ಪ್ರಕಟಿಸದೆ ಐತೀರ್ಪು ಜಾರಿಗೆ ಬಾರದು. 2011ರ ಸುಪ್ರೀಂ ಕೋರ್ಟ್ ಆದೇಶದ ಕಾರಣ ಪ್ರಕಟಣೆ ನಿಂತಿದೆ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದ ತಕರಾರುಗಳಿವೆ. ಇತ್ತ ಬಾಗಲಕೋಟೆ, ವಿಜಯಪುರದಲ್ಲಿ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಡೆ ಆಗಬೇಕಾದ ಜಮೀನಿನ ಒಡೆಯರು ಆ ಹೊಲದಲ್ಲಿ ಬಾವಿ ತೋಡಬೇಕೋ ಬೇಡವೋ, ಮನೆ ಕಟ್ಟಬೇಕೋ ಬೇಡವೋ ಎಂದು ತಿಳಿಯದೆ ವರ್ಷಗಳನ್ನು ಕಳೆದಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಇಲ್ಲಿ ಪರಿಹಾರ ಕೊಡುವ ಹೊಣೆ ರಾಜ್ಯದ್ದು, ಗೆಜೆಟ್ ಕೇಂದ್ರದ್ದು, ತಡೆ ಕೋರ್ಟಿನದು. ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಖಾನಾಪುರದ ಕಳಸಾ–ಬಂಡೂರಿ ಯೋಜನೆಯೂ ಹಾಗೆಯೇ. ಮಹದಾಯಿ ಐತೀರ್ಪು 2020ರ ಫೆಬ್ರವರಿಯಲ್ಲಿ ಗೆಜೆಟ್ ಆಯಿತು, ಆದರೆ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಬಾಗಿಲಲ್ಲಿ ನಿಂತಿತು. ಅರಣ್ಯ ಒಂದು ಕಾಲಕ್ಕೆ ರಾಜ್ಯ ಪಟ್ಟಿಯಲ್ಲಿದ್ದ ವಿಷಯ. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿಗೆ ತಂದಿತು.

ಇಷ್ಟೆಲ್ಲ ಹೇಳಿದ ಮೇಲೆ ರಾಜ್ಯದ ಮನೆಯೊಳಗೂ ನೋಡಬೇಕು. ಕಬ್ಬು ನಿಯಂತ್ರಣ ಆದೇಶ ಕೇಂದ್ರದ್ದಾದರೂ ಅದನ್ನು ಜಾರಿ ಮಾಡುವವರು ಜಿಲ್ಲಾಧಿಕಾರಿ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಬರಬೇಕು, ತಡವಾದರೆ ವಾರ್ಷಿಕ ಶೇ 15 ಬಡ್ಡಿ, ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಇದು ಆದೇಶದಲ್ಲೇ ಬರೆದಿದೆ. ಹದಿನಾಲ್ಕು ದಿನಕ್ಕೆ ಬಿಲ್ಲು ಬಾರದಿದ್ದಾಗ ಕಾಯುವುದೇ ನಮ್ಮಲ್ಲಿ ರೂಢಿಯಾಗಿದೆ, ಬಡ್ಡಿ ಕೇಳುವ ಮಾತನ್ನು ಬಹಳ ಜನ ಎತ್ತುವುದೇ ಇಲ್ಲ. ಕೇಳಿದರೆ ಮುಂದಿನ ಹಂಗಾಮಿಗೆ ನಮ್ಮ ಹೊಲಕ್ಕೆ ಟೋಳಿ ಬರುವುದು ತಡವಾದೀತು ಎಂಬ ಅಂಜಿಕೆ. ಕಾಟಾದಲ್ಲಿ ಮೋಸ ಎಂಬ ದೂರು ಮೂರೂ ಜಿಲ್ಲೆಗಳಲ್ಲಿ ಹಳೆಯದು. ತೂಕದ ಯಂತ್ರಕ್ಕೆ ಮುದ್ರೆ ಒತ್ತುವುದು, ತಪಾಸಣೆ ಮಾಡುವುದು ರಾಜ್ಯದ ಕಾನೂನು ಮಾಪನ ಇಲಾಖೆ. ಇಳುವರಿಯನ್ನು ಕಾರ್ಖಾನೆಯೇ ಅಳೆದು ಕಾರ್ಖಾನೆಯೇ ಹೇಳುತ್ತದೆ. 2025-26ರ ದರದಲ್ಲಿ ಇಳುವರಿಯ ಒಂದೊಂದು ದಶಾಂಶಕ್ಕೂ ಟನ್ನಿಗೆ 34 ರೂಪಾಯಿ 60 ಪೈಸೆಯ ವ್ಯತ್ಯಾಸವಿರುವಾಗ ಅದನ್ನು ಮೂರನೆಯವರು ಅಳೆಯಬೇಕಲ್ಲವೇ? ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಅದು ರಾಜ್ಯದ್ದೇ. ಪ್ರತಿ ಕಾರ್ಖಾನೆಯ ಗೇಟಿನ ಹತ್ತಿರ ಸರ್ಕಾರಿ ಕಾಟಾ ಇಡಲು, ಇಳುವರಿಯ ಮಾದರಿ ಪರೀಕ್ಷಿಸಿ ದಿನದ ಅಂಕಿ ಬೋರ್ಡಿಗೆ ಹಾಕಲು ದಿಲ್ಲಿಯ ಅನುಮತಿ ಬೇಕಿಲ್ಲ.

ದಿಲ್ಲಿ ಅಧಿಕಾರ ಕಿತ್ತುಕೊಂಡಿತು ಎನ್ನುವ ಬೆಂಗಳೂರು ತನ್ನ ಕೆಳಗಿನವರಿಗೆ ಎಷ್ಟು ಬಿಟ್ಟುಕೊಟ್ಟಿದೆ ಎಂಬುದನ್ನೂ ಕೇಳಲೇಬೇಕು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಅದಾದ ಮೇಲೆ ಪಕ್ಷ ಬದಲಾಯಿತು, ಸರ್ಕಾರ ಬದಲಾಯಿತು, ಚುನಾವಣೆ ಮಾತ್ರ ವರ್ಷಗಟ್ಟಲೆ ಆಗಲಿಲ್ಲ. ಕಬ್ಬಿನ ಜಗಳ ಎದ್ದಾಗ ಜಿಲ್ಲೆಯ ಮಟ್ಟದಲ್ಲಿ ಜನರಿಂದ ಆರಿಸಿ ಬಂದು, ಜಿಲ್ಲಾಧಿಕಾರಿಯ ಎದುರು ಕೂತು ಬೆಳೆಗಾರನ ಪರ ಲೆಕ್ಕ ಕೇಳುವ ಒಂದು ಸಭೆಯೇ ನಮಗೆ ಇರಲಿಲ್ಲ. ಹಾಗಾಗಿ ಮಾತು ನೇರವಾಗಿ ರಸ್ತೆಗೆ ಬಂತು, ರಸ್ತೆಯಿಂದ ನೇರವಾಗಿ ಮುಖ್ಯಮಂತ್ರಿಯ ಕೋಣೆಗೆ ಹೋಯಿತು.

ಸರ್ಕಾರ ಕೊಡಲು ಒಪ್ಪಿದ 50 ರೂಪಾಯಿಯ ಬಗ್ಗೆಯೂ ಒಂದು ಮಾತು. ಪ್ರತಿ ಒಂದು ಕೋಟಿ ಟನ್ ಕಬ್ಬಿಗೆ ಅದು 50 ಕೋಟಿ ರೂಪಾಯಿ, ಎಲ್ಲರ ತೆರಿಗೆಯಿಂದ. ರೈತನಿಗೆ ಸಿಗಲಿ ಎಂದು ನಾನೂ ಬಯಸುತ್ತೇನೆ. ಆದರೆ ಸಕ್ಕರೆ, ಎಥೆನಾಲ್, ಸಹ-ವಿದ್ಯುತ್, ಮೊಲಾಸಸ್ ಎಲ್ಲದರಿಂದ ಗಳಿಸುವ ಕಾರ್ಖಾನೆ ಕೊಡಬೇಕಾದ್ದನ್ನು ಬೊಕ್ಕಸ ಕೊಟ್ಟರೆ, 2013ರ ಕಾಯ್ದೆಯ ಆದಾಯ ಹಂಚಿಕೆಯ ತತ್ವವನ್ನು ಸರ್ಕಾರವೇ ಬದಿಗಿಟ್ಟಂತೆ. ಕಾರ್ಖಾನೆಗಳ ಉಪ ಉತ್ಪನ್ನದ ಲೆಕ್ಕಪತ್ರ ತರಿಸಿ ಆ ಹಂಚಿಕೆಯನ್ನು ಕಬ್ಬು ನಿಯಂತ್ರಣ ಮಂಡಳಿಯಲ್ಲಿ ಬಹಿರಂಗವಾಗಿ ಮಾಡಲಿ.

ಅದಕ್ಕೆ ಸಮಯವೂ ಇದೆ. 2025-26ರ ಎಫ್‌ಆರ್‌ಪಿಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2025ರ ಏಪ್ರಿಲ್ 30ರಂದು. ನಮ್ಮಲ್ಲಿ ಕಬ್ಬು ನುರಿಸುವುದು ಶುರುವಾಗುವುದು ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ. ನಡುವೆ ಐದಾರು ತಿಂಗಳು. ಆ ಅವಧಿಯಲ್ಲೇ ಪ್ರತಿ ಕಾರ್ಖಾನೆಯ ಇಳುವರಿ, ಕಟಾವು-ಸಾಗಣೆಯ ಖರ್ಚು, ಹಳೆಯ ಬಾಕಿ, ಈ ಸಲದ ದರ ನಾಲ್ಕನ್ನೂ ಜಿಲ್ಲಾಧಿಕಾರಿ ಕಚೇರಿ ಪ್ರಕಟಿಸಬೇಕು, ಬಾಕಿ ಇಟ್ಟವರಿಗೆ ನುರಿಸುವ ಲೈಸೆನ್ಸ್ ಕೊಡುವ ಮೊದಲು ರಾಜ್ಯ ಬಡ್ಡಿ ಸಮೇತ ವಸೂಲು ಮಾಡಬೇಕು. ಅದೇ ಅವಧಿಯಲ್ಲಿ ನಮ್ಮ ಮೂರೂ ಜಿಲ್ಲೆಗಳ ಸಂಸದರು, ಪಕ್ಷ ಯಾವುದೇ ಇರಲಿ, ಸಕ್ಕರೆಯ ತಳದ ದರ ಮತ್ತು ಎಥೆನಾಲ್ ಹಂಚಿಕೆಯ ಬಗ್ಗೆ ಲೋಕಸಭೆಯ ಮುಂಗಾರು ಅಧಿವೇಶನದಲ್ಲೇ ಪ್ರಶ್ನೆ ಹಾಕಿ ಲಿಖಿತ ಉತ್ತರ ತರಬೇಕು.